ಈಗ ಬ್ಯಾಡ, ಆಮ್ಯಾಲೆ

ನಲವತ್ತೊಂದು ದಿನ
ಮುಂಜಾನೆ ಅಂಗಡಿ ಕಸ ಹೊಡದು, ಊದಿನಕಡ್ಡಿ ಹಚ್ಚಿ
ಮೌಸ್ ಹಿಡದ ಕೂಡ್ಲೆ
ಮೂಲ್ಯಾಗಿಂದ ಎದ್ದು ಬರತಿತ್ತು ಆ ನೀಲಿ ಚೌಕ:
ಹೊಸಾದು ತಯಾರೈತಿ, ಹಾಕಲೇನು?
ನಾ ಒತ್ತತಿದ್ದೆ: ಈಗ ಬ್ಯಾಡ, ಆಮ್ಯಾಲೆ.
ಬಾಕಿ ಕೇಳಾಕ ಬಂದ ಕಾಗದದ ಅಂಗಡಿ ಹುಡುಗಗ
ಹೇಳೂವಷ್ಟ ನಯವಾಗಿ.

ಇವತ್ತ ಆ ಗುಂಡಿನ ಇಲ್ಲ.
ರಾತ್ರಿ ಎರಡಕ್ಕ, ಅಂತ ಬರದಾರ.
ಕೇಳಿಲ್ಲ. ತಿಳಿಸ್ಯಾರ ಅಷ್ಟ.

ಹ್ವಾದ ಸಲ ರಾತ್ರಿ ಮಲಗಿದ ಅಕ್ಷರ
ಮುಂಜಾನೆ ಎದ್ದಿರಲಿಲ್ಲ.
ನರಗುಂದದವರ ಲಗ್ನಪತ್ರಿಕಿ, ನಾಕನೂರಾ ಐವತ್ತು ಪ್ರತಿ.
ವಧುವಿನ ಹೆಸರಿದ್ದಲ್ಲಿ ಖಾಲಿ ಡಬ್ಬಿಗಳ ಸಾಲು,
ಅಜ್ಜನ ಹೆಸರಿನ ಹಿಂದಿದ್ದ 'ಲಿಂಗೈಕ್ಯ' ಜಾರಿ
ವರನ ಹೆಸರಿಗೆ ಬಂದು ಅಂಟಿತ್ತು.
ಬೀಗರು ಅಂಗಡಿ ಮುಂದ ನಿಂತಾಗ
ಶಿರೂರ ಸಾಹುಕಾರ್ರು ಕೈ ಮುಗದ್ರು,
ನಾ ಕಂಪ್ಯೂಟರ್ ಕಡೆ ಬಟ್ಟು ಮಾಡಿ ತೋರಿಸಿದೆ.
ಅದು ಸುಮ್ನ ಗುಂಯ್ ಅಂತಿತ್ತು.
ಆವತ್ತ ನನ್ನ ಹೆಸರೂ ಮುರೀತು:
ಅರ್ಕಸಾಲಿ ಇದ್ದಾಕಿ ಅಕಸಾಲಿ ಆದೆ,
ಅರ್ಕಾವೊತ್ತು ಹೊರಗ ಬಿದ್ದು
ಲೆಕ್ಕ ತಪ್ಪಿದ ಒಂಬತ್ತಿನಂಗ ಬಾಗಲಾಗ ಕುಂತಿತ್ತು.

ಓಣ್ಯಾಗ ಒಬ್ಬೊಬ್ಬರ ಆಶಾ ಒಂದೊಂದು ನಮೂನಿ.
ಮಗ್ಗಲಿನ್ಯಾಗ ಉತಾರ ತಗದು ಕೊಡೂ ಗದಿಗೆಪ್ಪ ಅಂತಾನ:
ಪ್ರಿಂಟರಿನ ಗುರ್ತು ಹಿಡದ್ರ ಸಾಕ್ರೀ ಅಕ್ಕಾರ,
ಮೂರು ವರ್ಷ ಆತು, ದಿನಾ ಹೊಸ ಮುಖ ನೋಡಿದಂಗ ನೋಡತೈತಿ.
ಕೆಲಸ ಕಲಿಯಾಕ ಬರೂ ಆಸ್ಮಾಗ
ತೆರಿ ಕರ್ರಗ ಆದ್ರ ಸಾಕಂತ, ಕಣ್ಣುರಿ ಕಡಿಮಿ ಆಗತಾವಂತ.
ಬೆಟಗೇರಿ ಅಂಬಾಸಾ ಮಾತ್ರ
ಯಾವ ಆಶಾನೂ ಇಟಗೊಂಡಿಲ್ಲ.
ಸೀರಿ ದಡಿಯ ನಕ್ಷೆ ತಗಿಯೂ ಅವನ ಪಿಸಿಗೆ ಹದಿನೇಳು ವರ್ಷ,
ನೆಟ್ಟಿನ ವಾಯರ್ ಕಿತ್ತು ಗೂಟಕ್ಕ ಸುತ್ತ್ಯಾನ.
ಬಾಣಂತಿಗೆ ಗಾಳಿ ತಾಗಬಾರದು, ಅಂತಾನ.

ನನಗ ಆಶಾ ಇಲ್ಲಂತಲ್ಲ.
ಸಣ್ಣಾವು. ಹೊರಗ ಹೇಳಿದ್ರ ಮಂದಿ ನಗೂವಂಥಾವು.
ಐವತ್ತನೇ ಪುಟಕ್ಕ ಬಂದಾಗ ಅದು ಉಸಿರು ಹಿಡೀಬಾರದು.
'ಉಳಿಸು' ಅಂದದ್ದು ಉಳೀಬೇಕು.
ರ‍್ಯಾಂಕ್ ಬಂದ ಹುಡುಗಿಯ ಬ್ಯಾನರಿನ್ಯಾಗ
'ರ' ತನ್ನ ಕಾಲ ಮ್ಯಾಲೆ ತಾ ನಿಲ್ಲಬೇಕು,
'ಯಾ'ದ ಬೆನ್ನಿಗೆ ಜೋತು ಬೀಳಬಾರದು.

ಸಂಜೀಕ ತಿರಕಪ್ಪಜ್ಜ ಚಾ ಕುಡಿಯಾಕ ಬಂದಿದ್ದ.
ಮೊಳಿ ಜೋಡಸೂ ಕಾಲದಾಗ ಮೂವತ್ತು ವರ್ಷ
ಇದ ಗ್ವಾಡಿಗೆ ಮುಖ ಮಾಡಿ ನಿಂತಾಂವ,
ಅಕ್ಷರ ಇವತ್ತಿಗೂ ಉಲ್ಟಾನ ಓದತಾನ ಲಗೂನ.
ನನ್ನ ಸಂಕಟ ಕೇಳಿ ಬಸಿಯೊಳಗಿನ ಚಾ ಊದಿದ.
ಮೊಳಿ ಸವದ್ರ ಕರಗಸತಿದ್ವಿ ತಂಗಿ, ಅಂದ.
ಕರಗಸೂ ಮುಂದ
ಎಲ್ಲಾ ಒತ್ತಕ್ಷರದ್ದು ಒಂದ ಹಾಳಿ ಒತ್ತಿ ಇಟಗೋತಿದ್ವಿ.
ಯಾಕಜ್ಜಾ?
ಹೊಸಾವು ಬಂದಾಗ ಎಣಸಾಕ.
ಎಷ್ಟ ಮಂದಿ ಹೊಳ್ಳಿ ಬಂದ್ರು ಅಂತ.

ಅದಕ್ಕ ಈಗ, ಹತ್ತು ಹೊಡದ ಮ್ಯಾಲೆ,
ನಾನೂ ಒಂದ ಹಾಳಿ ತಗದೇನಿ:
ಲಕ್ಷ್ಮೇಶ್ವರ. ಸ್ವಾತಂತ್ರ್ಯ. ಉಜ್ಜ್ವಲ. ವೈಶಿಷ್ಟ್ಯ.
ಕರ್ಕಿ. ಬರ್ಫಿ. ಕಾರ್ಯಾಲಯ.
ಕಡೀಕ ಅರ್ಕಸಾಲಿ.
ಮೊದಲ ಅನ್ನೂದು, ಆಮ್ಯಾಲೆ ಬರಿಯೂದು:
ಈ ಒತ್ತಿನ ಗುಣಾನ ಅಷ್ಟ.
ಶಾಯಿ ಇನ್ನೂ ಹಸಿ ಇರೂವಾಗನ ಮಡಚಿದೆ,
ಊಟದ ಡಬ್ಬಿ ಕೆಳಗ ಇಟಗೊಂಡೆ.

ಶಟರ್ ಎಳದು ಕೀಲಿ ಹಾಕಿದ ಮ್ಯಾಲೆ
ನೆನಪಾತು, ಯುಪಿಎಸ್ ಹಾಕೇನೊ ಇಲ್ಲೊ.
ನಡು ರಾತ್ರ್ಯಾಗ ಕರೆಂಟ್ ಹ್ವಾದ್ರ
ಅತ್ತಲಾಗೂ ಇಲ್ಲ, ಇತ್ತಲಾಗೂ ಇಲ್ಲ.
ಮತ್ತ ಮೊಣಕಾಲೂರಿ
ಮೊಳದಷ್ಟ ಶಟರ್ ಎತ್ತಿ ಬಗ್ಗಿ ನೋಡಿದೆ:
ಕತ್ತಲದಾಗ ಒಂದ ಹಸರ ಚುಕ್ಕಿ
ಹಚ್ಚಿತ್ತು, ಆರತಿತ್ತು, ಹಚ್ಚಿತ್ತು.